ಡಾಲಿ ಹಿಡಿದು ಕ್ಯಾರವಾನ್, ಟ್ರೇಲರ್ ಸರಿಸುವ ಕ್ರಮ

ಎಳೆಯುವ ವಾಹನದಿಂದ ಕಳಚಿದ ಕ್ಯಾರವಾನ್ (ವಾಹನದ ಹಿಂದೆ ಎಳೆದೊಯ್ಯುವ ಗಾಲಿಮನೆ) ಅಥವಾ ಟ್ರೇಲರನ್ನು ಹತ್ತಿಪ್ಪತ್ತು ಅಡಿ ಆಚೀಚೆ ಸರಿಸಬೇಕಾದ ಸಂದರ್ಭ, ಅದನ್ನು ಇಟ್ಟುಕೊಂಡವರಿಗೆಲ್ಲ ಒಂದಲ್ಲ ಒಂದು ದಿನ ಬರುತ್ತದೆ. ಗೇಟಿನ ಮುಂದೆ ವಾಹನ ತಿರುಗಿಸಲು ಜಾಗ ಸಾಲದಿರಬಹುದು, ಶೆಡ್ಡಿನ ಮೂಲೆಯಲ್ಲಿ ಗೋಡೆಗೆ ಗೇಣಷ್ಟೇ ಅಂತರ ಬಿಟ್ಟು ನಿಲ್ಲಿಸಬೇಕಾಗಬಹುದು, ಇಲ್ಲವೇ ಎಳೆಯುವ ವಾಹನವೇ ಆ ಹೊತ್ತಿಗೆ ಬೇರೆಡೆ ಹೋಗಿರಬಹುದು. ಇಂಥ ಕಡೆ ನೆರವಿಗೆ ಬರುವುದು ಟ್ರೇಲರ್ ಡಾಲಿ. ಎರಡೋ ಮೂರೋ ಚಕ್ರಗಳು, ಟ್ರೇಲರಿನ ಕಪ್ಲಿಂಗ್ (ಮುಂತುದಿಯ ಜೋಡಣೆಯ ಬಟ್ಟಲು) ಕೂರಲು ಟೋ ಬಾಲ್ ಎಂಬ ಒಂದು ಲೋಹದ ಗುಂಡು, ಹಿಡಿದು ನಡೆಸಲು ಉದ್ದನೆಯ ಹಿಡಿಕೆ: ಇಷ್ಟು ಬಿಟ್ಟರೆ ಅದರಲ್ಲಿ ಬೇರೇನೂ ಇರುವುದಿಲ್ಲ.

ಸಾಧನ ಸರಳವಾಗಿರುವುದರಿಂದಲೇ ಅದರ ಮಿತಿಯನ್ನು ಮೊದಲು ತಿಳಿದುಕೊಳ್ಳಬೇಕು. ಡಾಲಿಯು ಟ್ರೇಲರಿನ ಮೂತಿಯನ್ನು, ಅಂದರೆ ಕಪ್ಲಿಂಗ್ ಇರುವ ಮುಂತುದಿಯನ್ನು ಹೊರುತ್ತದೆ ಮತ್ತು ಆ ಮೂತಿಯನ್ನು ಬೇಕಾದ ಕಡೆಗೆ ತಿರುಗಿಸಲು ಅನುಕೂಲ ಮಾಡಿಕೊಡುತ್ತದೆ. ಇಡೀ ಟ್ರೇಲರನ್ನು ಉರುಳಿಸಲು ಬೇಕಾದ ಬಲವನ್ನು ಅದು ಕಡಿಮೆ ಮಾಡುವುದಿಲ್ಲ. ಆ ಬಲ ನಿಮ್ಮ ಕಾಲು, ಬೆನ್ನುಗಳಿಂದಲೇ ಬರಬೇಕು. ಅಲ್ಲದೆ, ಸಾಮಾನ್ಯ ಕೈ ಡಾಲಿಗೆ ಬ್ರೇಕ್ ಇರುವುದಿಲ್ಲ. ಆದ್ದರಿಂದ ಈ ಕೆಲಸದಲ್ಲಿ ಟ್ರೇಲರನ್ನು ಹೊರಡಿಸುವ ಯೋಚನೆಗೆ ಮೊದಲು ಅದನ್ನು ಎಲ್ಲಿ, ಯಾರು, ಯಾವುದರಿಂದ ನಿಲ್ಲಿಸುತ್ತಾರೆ ಎಂಬುದು ತೀರ್ಮಾನವಾಗಿರಬೇಕು. ಮುಂದೆ ಹೇಳಿರುವ ಪ್ರತಿಯೊಂದು ಹೆಜ್ಜೆಯೂ ಈ ಒಂದು ನಿಯಮದಿಂದ ಹುಟ್ಟಿದ್ದು.

ಎಷ್ಟು ಬಲ ಬೇಕಾಗುತ್ತದೆ?

ಗಾಳಿ ಸರಿಯಾಗಿ ತುಂಬಿದ ಟೈರುಗಳಿರುವ ಟ್ರೇಲರನ್ನು ಸಮತಟ್ಟಾದ ಗಟ್ಟಿ ಕಾಂಕ್ರೀಟಿನ ಮೇಲೆ ಉರುಳಿಸಲು ಅದರ ಒಟ್ಟು ತೂಕದ ಶೇಕಡಾ 1ರಿಂದ 2ರಷ್ಟು ಬಲ ಸಾಕಾಗುತ್ತದೆ. ಎಂದರೆ 1000 ಕಿಲೋ ತೂಗುವ ಕ್ಯಾರವಾನಿಗೆ 10ರಿಂದ 20 ಕಿಲೋ ಬಲ. ನಿಂತಿದ್ದನ್ನು ಹೊರಡಿಸುವ ಮೊದಲ ಕ್ಷಣದಲ್ಲಿ ಇದಕ್ಕಿಂತ ಹೆಚ್ಚು ಬೇಕಾಗುತ್ತದೆ. ಉರುಳತೊಡಗಿದ ಮೇಲೆ ಕಡಿಮೆಯಾಗುತ್ತದೆ. ಹುಲ್ಲು ಬೆಳೆದ ನೆಲದಲ್ಲಿ ಈ ಪ್ರಮಾಣ ಶೇಕಡಾ 5ರಿಂದ 10ಕ್ಕೆ ಏರುತ್ತದೆ. ಸಡಿಲವಾದ ಜಲ್ಲಿ ಅಥವಾ ಮರಳಿನಲ್ಲಿ ಅದನ್ನೂ ಮೀರುತ್ತದೆ, ಏಕೆಂದರೆ ಅಲ್ಲಿ ಚಕ್ರವು ತಾನೇ ಮಾಡಿಕೊಂಡ ಕುಳಿಯಿಂದ ಕ್ಷಣಕ್ಷಣವೂ ಮೇಲೇರುತ್ತಲೇ ಇರಬೇಕಾಗುತ್ತದೆ.

ಇಳಿಜಾರಿನ ಲೆಕ್ಕ ಇನ್ನೂ ನೇರವಾದದ್ದು. ಇಳಿಜಾರಿನ ಪ್ರತಿ ಶೇಕಡಾ 1ಕ್ಕೆ ಟ್ರೇಲರಿನ ತೂಕದ ಶೇಕಡಾ 1ರಷ್ಟು ಬಲ ಕೂಡಿಕೊಳ್ಳುತ್ತದೆ. ಹಾಗಾಗಿ ಅದೇ 1000 ಕಿಲೋ ಕ್ಯಾರವಾನನ್ನು 20ಕ್ಕೆ 1ರಂತೆ ಏರುವ, ಅಂದರೆ ಶೇಕಡಾ 5ರ ಏರಿನಲ್ಲಿ ನೂಕಲು ಉರುಳುವ ತಡೆಯ ಜೊತೆಗೆ ಇನ್ನೂ 50 ಕಿಲೋ ಬಲ ಬೇಕು. ಅದೇ ಜಾಗದಲ್ಲಿ ಕ್ಯಾರವಾನನ್ನು ಕೆಳಕ್ಕೆ ಇಳಿಸುವಾಗ ಸುಮಾರು 35 ಕಿಲೋ ಬಲ ನಿಮ್ಮನ್ನೇ ನೂಕುತ್ತಿರುತ್ತದೆ. ಏರುವಾಗಿನ ಕಷ್ಟ ಕಣ್ಣಿಗೆ ಕಾಣುತ್ತದೆ, ಇಳಿಯುವಾಗಿನ ಅಪಾಯ ಹೊರಟ ಮೇಲಷ್ಟೇ ಗೊತ್ತಾಗುತ್ತದೆ.

ಮನುಷ್ಯನಿಂದ ಎಷ್ಟು ಸಾಧ್ಯ ಎಂಬುದಕ್ಕೆ ಬ್ರಿಟನ್ನಿನ ಹೆಲ್ತ್ ಅಂಡ್ ಸೇಫ್ಟಿ ಎಕ್ಸಿಕ್ಯೂಟಿವ್ ಎಂಬ ಕಾರ್ಮಿಕ ಸುರಕ್ಷತಾ ಸಂಸ್ಥೆ ಕೆಲಸದ ಸ್ಥಳಗಳಿಗೆಂದು ಕೊಟ್ಟಿರುವ ಮಾರ್ಗದರ್ಶಿ ಪ್ರಮಾಣಗಳು ಒಳ್ಳೆಯ ಅಳತೆಗೋಲು. ಭಾರವನ್ನು ಹೊರಡಿಸಲು ಅಥವಾ ನಿಲ್ಲಿಸಲು ಗಂಡಸರಿಗೆ 20 ಕಿಲೋ, ಹೆಂಗಸರಿಗೆ 15 ಕಿಲೋ. ಹೊರಟಿದ್ದನ್ನು ನಡೆಸುತ್ತಿರಲು ಗಂಡಸರಿಗೆ 10 ಕಿಲೋ, ಹೆಂಗಸರಿಗೆ 7 ಕಿಲೋ. ಇವನ್ನು ಮೀರಲೇಬಾರದು ಎಂದಲ್ಲ, ಆದರೆ ಮೀರುವಾಗ ಯೋಚಿಸಿ ಮೀರಬೇಕು. ಈ ಅಂಕಿಗಳನ್ನು ಮೇಲಿನ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದರೆ, ಸಮತಟ್ಟಾದ ಕಾಂಕ್ರೀಟಿನ ಮೇಲೂ 1000 ಕಿಲೋ ಕ್ಯಾರವಾನ್ ಒಬ್ಬರ ಶಕ್ತಿಯ ಅಂಚಿನಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ. 300 ಕಿಲೋ ಸಾಮಾನಿನ ಟ್ರೇಲರನ್ನು ಒಬ್ಬರೇ ನಿಭಾಯಿಸಬಹುದು. ಅದಕ್ಕಿಂತ ದೊಡ್ಡದಾದರೆ ಇಬ್ಬರು ಇರಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಎರಡನೆಯವರು ಇರುವುದು ನೂಕಲು ಮಾತ್ರವಲ್ಲ, ಮುಖ್ಯವಾಗಿ ಚಕ್ರಕ್ಕೆ ಬೆಣೆ ಕೊಡಲು.

ವೇಗದ ಲೆಕ್ಕವನ್ನೂ ಇಲ್ಲಿಯೇ ನೋಡಿಬಿಡೋಣ. 1000 ಕಿಲೋ ಕ್ಯಾರವಾನ್ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ, ಅಂದರೆ ತೀರಾ ನಿಧಾನದ ನಡಿಗೆಯಲ್ಲಿ ಸಾಗುತ್ತಿದೆ ಎಂದುಕೊಳ್ಳಿ. ಅದನ್ನು ಅರ್ಧ ಮೀಟರ್ ದೂರದೊಳಗೆ ನಿಲ್ಲಿಸಲು 25 ಕಿಲೋ ಬಲ ಬೇಕು. ಕಾಂಕ್ರೀಟಿನ ಮೇಲಿನ ಉರುಳುವ ತಡೆಯೇ ಅದರಲ್ಲಿ 15 ಕಿಲೋದಷ್ಟನ್ನು ನೋಡಿಕೊಳ್ಳುವುದರಿಂದ ಉಳಿದ 10 ಕಿಲೋ ನಿಮ್ಮ ಕೈಗೆ ದಕ್ಕುವ ಮಾತು. ವೇಗ ಇಮ್ಮಡಿಯಾಗಿ ಸೆಕೆಂಡಿಗೆ ಒಂದು ಮೀಟರ್ ಆದರೆ ಬೇಕಾಗುವ ಬಲ ನಾಲ್ಕು ಪಟ್ಟು ಹೆಚ್ಚಿ 100 ಕಿಲೋ ಆಗುತ್ತದೆ, ಅದನ್ನು ಹಿಡಿಕೆ ಹಿಡಿದು ತಡೆಯಲು ಯಾರಿಂದಲೂ ಆಗದು. ನಿಧಾನವಾಗಿ ಹೋಗಿ ಎಂಬ ಎಚ್ಚರಿಕೆಗೆ ಇದೇ ಆಧಾರ.

ನೆಲದ ವಾಟ ಅಳೆಯುವುದು

ಕಣ್ಣಿಗೆ ಮಟ್ಟವಾಗಿ ಕಾಣುವ ಅಂಗಳಕ್ಕೂ ನೀರು ಹರಿದುಹೋಗಲೆಂದು ವಾಟ ಕೊಟ್ಟಿರುತ್ತಾರೆ. ಆ ವಾಟ ಎಷ್ಟಿದೆ ಎಂದು ಅಳೆಯಲು 2 ಮೀಟರ್ ಉದ್ದದ ನೇರವಾದ ಹಲಗೆ ಅಥವಾ ಅಲ್ಯೂಮಿನಿಯಂ ಪಟ್ಟಿಯೊಂದು, ಒಂದು ಸ್ಪಿರಿಟ್ ಲೆವೆಲ್ ಮತ್ತು ಟೇಪು ಸಾಕು. ಟ್ರೇಲರ್ ಸಾಗುವ ದಿಕ್ಕಿನಲ್ಲಿ ಹಲಗೆಯನ್ನು ನೆಲದ ಮೇಲಿಟ್ಟು, ಅದರ ಮೇಲೆ ಲೆವೆಲ್ ಇರಿಸಿ, ಗುಳ್ಳೆ ನಡುವಿಗೆ ಬರುವ ತನಕ ತಗ್ಗಿನ ಕಡೆಯ ತುದಿಯನ್ನು ಎತ್ತಿ. ಈಗ ಎತ್ತಿದ ತುದಿಗೂ ನೆಲಕ್ಕೂ ನಡುವಿನ ಅಂತರ ಅಳೆಯಿರಿ. 2 ಸೆಂಟಿಮೀಟರ್ ಇದ್ದರೆ ಇಳಿಜಾರು ಶೇಕಡಾ 1, 4 ಸೆಂಟಿಮೀಟರ್ ಇದ್ದರೆ ಶೇಕಡಾ 2. ದಾರಿಯುದ್ದಕ್ಕೂ ಮೂರು ನಾಲ್ಕು ಕಡೆ ಹೀಗೆ ಅಳೆದು, ಎಲ್ಲಿ ಇಳಿಜಾರು ಜಾಸ್ತಿಯಿದೆಯೋ ಆ ಜಾಗಕ್ಕೆ ಸುಣ್ಣದ ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ಶೇಕಡಾ 2ರ ತನಕ ಇಬ್ಬರು ಸೇರಿ ಎಚ್ಚರದಿಂದ ಮಾಡಬಹುದು. ಅದನ್ನು ಮೀರಿದರೆ ಸಾಮಾನ್ಯ ಕೈ ಡಾಲಿಯ ಕೆಲಸ ಅಲ್ಲಿಗೆ ಮುಗಿಯಿತು. ಅಂಥ ಕಡೆಗೆ ಗಟ್ಟಿಯಾಗಿ ನೆಟ್ಟ ಆಧಾರಕ್ಕೆ ಕಟ್ಟಿದ ಕೈ ವಿಂಚ್ (ಹಗ್ಗ ಸುತ್ತಿ ಎಳೆಯುವ ರಾಟೆ), ರ‍್ಯಾಚೆಟ್ (ಹಿಂದಕ್ಕೆ ತಿರುಗಗೊಡದ ಹಲ್ಲುಚಕ್ರ) ಇರುವ ಡಾಲಿ, ಬ್ಯಾಟರಿಯಿಂದ ನಡೆಯುವ ಮೂವರ್ ಅಥವಾ ಎಳೆಯುವ ವಾಹನವೇ ಬೇಕು.

ಮೂತಿಯ ಮೇಲಿನ ಭಾರ

ಎತ್ತಿನ ಗಾಡಿ ಹೇರುವವರು ಮುಂಭಾರ, ಹಿಂಭಾರ ಎರಡೂ ಆಗದಂತೆ ನೋಡಿ ಹೇರುವ ಹಾಗೆ, ಟ್ರೇಲರಿನಲ್ಲೂ ಕಪ್ಲಿಂಗಿನ ಮೇಲೆ ಎಷ್ಟು ಭಾರ ಬೀಳುತ್ತದೆ ಎಂಬುದು ಮುಖ್ಯವಾದ ಸಂಗತಿ. ಯುರೋಪಿನ ಕ್ಯಾರವಾನುಗಳಲ್ಲಿ ಇದು ಸಾಮಾನ್ಯವಾಗಿ ಒಟ್ಟು ತೂಕದ ಶೇಕಡಾ 5ರಿಂದ 7ರಷ್ಟು ಇದ್ದರೆ, ಉತ್ತರ ಅಮೆರಿಕದ ಪದ್ಧತಿಯ ಟ್ರೇಲರುಗಳಲ್ಲಿ ಶೇಕಡಾ 10ರಿಂದ 15ರಷ್ಟು ಇರುತ್ತದೆ. ಹೀಗಾಗಿ 1200 ಕಿಲೋ ಗಾಡಿಯ ಮೂತಿಭಾರ ಒಂದು ಪದ್ಧತಿಯಲ್ಲಿ 60ರಿಂದ 84 ಕಿಲೋ ಆದರೆ ಇನ್ನೊಂದರಲ್ಲಿ 120ರಿಂದ 180 ಕಿಲೋ ಆಗಬಹುದು. ಡಾಲಿ ಕೊಳ್ಳುವಾಗ ನೋಡಬೇಕಾದ ಮೊದಲ ಅಂಕಿ ಇದೇ. ಮಾರುಕಟ್ಟೆಯಲ್ಲಿ ಬಹಳಷ್ಟು ಕೈ ಡಾಲಿಗಳು 600 ಪೌಂಡ್, ಅಂದರೆ ಸುಮಾರು 270 ಕಿಲೋ ಮೂತಿಭಾರಕ್ಕೆ ತಯಾರಾಗಿರುತ್ತವೆ. ಕೆಲವದರ ಮೇಲೆ ಎಳೆಯಬಹುದಾದ ಒಟ್ಟು ತೂಕವನ್ನು ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. ಅದು ಸಮತಟ್ಟಾದ ಗಟ್ಟಿ ನೆಲಕ್ಕೆ ಹೇಳಿದ ಮಾತು ಎಂದೇ ತಿಳಿಯಬೇಕು.

ನಿಮ್ಮ ಟ್ರೇಲರಿನ ಮೂತಿಭಾರವನ್ನು ಮನೆಯಲ್ಲಿ ಮೈತೂಕ ನೋಡುವ ತಕ್ಕಡಿಯಿಂದಲೇ ಅಳೆಯಬಹುದು. ಸಮತಟ್ಟಾದ ನೆಲದಲ್ಲಿ ಟ್ರೇಲರಿನ ಚಕ್ರಗಳಿಗೆ ಎರಡೂ ಬದಿಯಿಂದ ಬೆಣೆ ಕೊಟ್ಟು, ಹ್ಯಾಂಡ್ ಬ್ರೇಕ್ ಸಡಿಲಿಸಿ. ತಕ್ಕಡಿಯ ಮೇಲೆ ಒಂದು ಸಣ್ಣ ಹಲಗೆ ಹಾಸಿ, ಅದರ ಮೇಲೆ ಕಪ್ಲಿಂಗಿನ ಕೆಳಗೆ ನೆಟ್ಟಗೆ ನಿಲ್ಲುವಂತೆ ಗಟ್ಟಿ ಮರದ ತುಂಡೊಂದನ್ನು ಇರಿಸಿ. ಟ್ರೇಲರ್ ವಾಹನಕ್ಕೆ ಜೋಡಿಸಿದಾಗ ಎಷ್ಟು ಎತ್ತರದಲ್ಲಿ ಇರುತ್ತದೆಯೋ ಅದೇ ಎತ್ತರಕ್ಕೆ ಬರುವಂತೆ ಆ ತುಂಡನ್ನು ಕತ್ತರಿಸಿಕೊಂಡಿರಬೇಕು. ಈಗ ಜಾಕಿ ವೀಲನ್ನು (ಮೂತಿಯ ಬಳಿ ಇರುವ, ತಿರುಗಿಸಿ ಏರಿಳಿಸುವ ಚಿಕ್ಕ ಆಸರೆ ಚಕ್ರ) ನಿಧಾನವಾಗಿ ಮೇಲಕ್ಕೆ ತಿರುಗಿಸಿದರೆ ಮೂತಿಯ ಭಾರವೆಲ್ಲ ತಕ್ಕಡಿಗೆ ಬರುತ್ತದೆ. ಬಂದ ಅಂಕಿಯಲ್ಲಿ ಹಲಗೆ ಮತ್ತು ತುಂಡಿನ ತೂಕ ಕಳೆಯಿರಿ. ಭಾರ ತಕ್ಕಡಿಯ ಮಿತಿಯನ್ನು ಮೀರುವ ಅನುಮಾನವಿದ್ದರೆ ಈ ವಿಧಾನ ಬೇಡ, ತಕ್ಕಡಿ ಒಡೆದು ಮೂತಿ ಕುಸಿಯಬಹುದು.

ಮೂತಿಭಾರ ತೀರಾ ಕಡಿಮೆ ಬಂದರೂ ಸಂತೋಷಪಡುವಂತಿಲ್ಲ. ಹಿಂದೆ ಸಾಮಾನು ಹೆಚ್ಚಾಗಿ ಮೂತಿ ಹಗುರಾದ ಟ್ರೇಲರ್ ಒಂದು ಸಣ್ಣ ಗುಂಡಿಗೆ ಇಳಿದಾಗ ಹಿಂದಕ್ಕೆ ವಾಲುತ್ತದೆ, ಡಾಲಿಯನ್ನೂ ಎತ್ತಿಕೊಂಡು ಮೇಲೇಳುತ್ತದೆ. ಸರಿಸುವ ಮುನ್ನ ಸಾಮಾನನ್ನು ಆಕ್ಸಲಿನ (ಚಕ್ರಗಳ ಅಚ್ಚಿನ) ಮೇಲಕ್ಕೆ ಅಥವಾ ತುಸು ಮುಂದಕ್ಕೆ ಸರಿಸಿಕೊಳ್ಳಿ. ಕ್ಯಾರವಾನಿನಲ್ಲಿ ಮುಂದಿನ ಪೆಟ್ಟಿಗೆಯ ಗ್ಯಾಸ್ ಸಿಲಿಂಡರುಗಳು ಮತ್ತು ನೀರಿನ ಟ್ಯಾಂಕು ಈ ಸಮತೋಲನವನ್ನು ಬಹಳ ಬದಲಿಸುತ್ತವೆ. ಟ್ಯಾಂಕು ಖಾಲಿ ಮಾಡುವುದರಿಂದ ಲೀಟರಿಗೆ ಒಂದು ಕಿಲೋದಂತೆ ನೂಕುವ ತೂಕವೂ ಇಳಿಯುತ್ತದೆ.

ಡಾಲಿಯನ್ನು ಆರಿಸುವಾಗ

ಟೋ ಬಾಲಿನ ಅಳತೆ ಕಪ್ಲಿಂಗಿಗೆ ಸರಿಹೊಂದಲೇಬೇಕು. ಯುರೋಪಿನ ಗಾಡಿಗಳಲ್ಲಿ 50 ಮಿಲಿಮೀಟರ್ ಬಾಲ್ ಬಳಕೆಯಲ್ಲಿದೆ. ಅಮೆರಿಕದ ಪದ್ಧತಿಯಲ್ಲಿ ಒಂದೂ ಮುಕ್ಕಾಲಿಗಿಂತ ತುಸು ದೊಡ್ಡದಾದ 47.6, ಎರಡು ಇಂಚಿನ 50.8 ಮತ್ತು ಅದಕ್ಕೂ ದೊಡ್ಡದಾದ 58.7 ಮಿಲಿಮೀಟರ್ ಬಾಲುಗಳು ಇವೆ. 50 ಮತ್ತು 50.8 ನಡುವಿನ ವ್ಯತ್ಯಾಸ ಒಂದು ಮಿಲಿಮೀಟರಿಗಿಂತ ಕಡಿಮೆ ಎಂದು ಅಲಕ್ಷಿಸಬೇಡಿ. 50ಕ್ಕೆಂದು ಮಾಡಿದ ಕಪ್ಲಿಂಗ್ ಎರಡು ಇಂಚಿನ ಬಾಲಿನ ಮೇಲೆ ಪೂರ್ತಿ ಕೂರದೆ ಚಿಲಕ ಅರ್ಧಕ್ಕೇ ನಿಲ್ಲಬಹುದು. ದೊಡ್ಡ ಕಪ್ಲಿಂಗನ್ನು ಚಿಕ್ಕ ಬಾಲಿನ ಮೇಲೆ ಕೂರಿಸಿದರೆ ಒಂದು ಕುಲುಕಿಗೆ ಅದು ಹಾರಿಬರುತ್ತದೆ.

ಚಕ್ರಗಳ ವಿಷಯದಲ್ಲಿ ನೆಲವೇ ತೀರ್ಮಾನಿಸುತ್ತದೆ. ಕಾಂಕ್ರೀಟಿಗೆ ಗಟ್ಟಿ ರಬ್ಬರಿನ ಚಕ್ರ ಸಾಕು, ಪಂಕ್ಚರ್ ಆಗುವ ಚಿಂತೆಯೂ ಇಲ್ಲ. ಹುಲ್ಲು, ಮಣ್ಣು, ಜಲ್ಲಿಯ ಮೇಲೆ ಅಗಲವಾದ, ಗಾಳಿ ತುಂಬುವ ದೊಡ್ಡ ಚಕ್ರಗಳೇ ಬೇಕು. ಹಿಡಿಕೆ ನಿಮ್ಮ ಸೊಂಟಕ್ಕಿಂತ ಮೇಲೆ, ಮೊಣಕೈಗಿಂತ ಕೆಳಗೆ ಬರುವಂತಿದ್ದರೆ ಬೆನ್ನು ಬಾಗಿಸದೆ ಮೈತೂಕವನ್ನೇ ಹಾಕಿ ನೂಕಬಹುದು.

ಎರಡು ಚಕ್ರದ ಡಾಲಿಯಲ್ಲಿ ಒಂದು ವಿಶೇಷವಿದೆ. ಹಲವು ಮಾದರಿಗಳಲ್ಲಿ ಬಾಲ್ ಇರುವುದು ಚಕ್ರದ ಅಚ್ಚಿಗಿಂತ ಸ್ವಲ್ಪ ಮುಂದೆ, ಆದ್ದರಿಂದ ಹಿಡಿಕೆಯನ್ನು ಕೆಳಕ್ಕೆ ಒತ್ತಿದರೆ ಸನ್ನೆಗೋಲಿನಂತೆ ಮೂತಿ ಮೇಲೇಳುತ್ತದೆ. ಬಾಲ್ ಅಚ್ಚಿನಿಂದ 10 ಸೆಂಟಿಮೀಟರ್ ಮುಂದಿದ್ದು ಹಿಡಿಕೆ 120 ಸೆಂಟಿಮೀಟರ್ ಇದ್ದರೆ 80 ಕಿಲೋ ಮೂತಿಯನ್ನು 7 ಕಿಲೋಗಿಂತ ಕಡಿಮೆ ಒತ್ತಡದಲ್ಲಿ ಹಿಡಿದಿಡಬಹುದು. ಇದು ಬಹಳ ಅನುಕೂಲದ ಸಂಗತಿಯಾದರೂ ಅದೇ ಲೆಕ್ಕ ತಿರುಗುಮುರುಗಾಗಿಯೂ ಕೆಲಸ ಮಾಡುತ್ತದೆ: ಕೈ ಜಾರಿದರೆ ಮೂತಿ ಕೆಳಗೆ ಬೀಳುವಷ್ಟರಲ್ಲಿ ಹಿಡಿಕೆಯ ತುದಿ ಅದರ ಹನ್ನೆರಡು ಪಟ್ಟು ದೂರವನ್ನು ಅಷ್ಟೇ ಹೊತ್ತಿನಲ್ಲಿ ಮೇಲಕ್ಕೆ ಸಾಗಿ ಗದ್ದಕ್ಕೋ ಹಲ್ಲಿಗೋ ಬಡಿಯುತ್ತದೆ. ಹಿಡಿಕೆಯ ನೇರಕ್ಕೆ ಮುಖ ತರದೆ, ಕೈ ಚಾಚಿ ಒಂದು ಬದಿಗೆ ನಿಂತು ಹಿಡಿಯುವುದನ್ನು ರೂಢಿಸಿಕೊಳ್ಳಬೇಕು. ಮೂರನೆಯ ಚಿಕ್ಕ ಚಕ್ರವಿರುವ ಡಾಲಿಯಲ್ಲಿ ಈ ಅಪಾಯ ಇರುವುದಿಲ್ಲ. ಭಾರವಾದ ಕ್ಯಾರವಾನಿಗೆ ನಾನು ಅದನ್ನೇ ಶಿಫಾರಸು ಮಾಡುತ್ತೇನೆ.

ಹೊರಡುವ ಮೊದಲಿನ ಸಿದ್ಧತೆ

ಸಾಗುವ ದಾರಿಯನ್ನು ಒಮ್ಮೆ ಬರಿಗೈಯಲ್ಲಿ ನಡೆದು ನೋಡಿ. ಕಲ್ಲು, ಕೊಂಬೆ, ಪೈಪುಗಳನ್ನು ತೆಗೆಯಿರಿ, ಮೇಲೆ ಚಾಚಿದ ಸೂರು, ತಂತಿಗಳನ್ನೂ ಗಮನಿಸಿ. ನೆಲ ಮೆತ್ತಗಿದ್ದರೆ 18 ಮಿಲಿಮೀಟರ್ ದಪ್ಪದ ಪ್ಲೈವುಡ್ ಹಾಳೆಗಳನ್ನು ಹಾಸಿಕೊಳ್ಳಿ. ಮೂರು ಜೊತೆ ಇದ್ದರೆ ಹಿಂದಿನದನ್ನು ಎತ್ತಿ ಮುಂದೆ ಹಾಕುತ್ತ ಎಷ್ಟು ದೂರವಾದರೂ ಹೋಗಬಹುದು. ಡಾಲಿಯ ಚಕ್ರಗಳಿಗೂ ನಡುವೆ ಒಂದು ಹಾಳೆ ಬೇಕೆಂಬುದನ್ನು ಮರೆಯಬಾರದು.

ಟೈರಿನ ಗಾಳಿಯನ್ನು ಟ್ರೇಲರಿನ ಮೇಲೆ ಬರೆದಿರುವ ಪೂರ್ಣ ಒತ್ತಡಕ್ಕೆ ತುಂಬಿಸಿ. ತಿಂಗಳುಗಟ್ಟಲೆ ನಿಂತ ಟ್ರೇಲರಿನಲ್ಲಿ ಗಾಳಿ ಇಳಿದಿರುತ್ತದೆ, ಮತ್ತು ಮೆತ್ತಗಾದ ಟೈರನ್ನು ನೂಕುವುದು ಹುಲ್ಲಿನ ಮೇಲೆ ನೂಕಿದಷ್ಟೇ ಕಷ್ಟ.

ಕ್ಯಾರವಾನಿನ ನಾಲ್ಕು ಮೂಲೆಯ ಊರುಗಾಲುಗಳನ್ನು ಪೂರ್ತಿ ಮೇಲೆತ್ತಿ. ಒಂದೇ ಒಂದು ಕಾಲು ಎರಡು ಇಂಚು ಇಳಿದಿದ್ದರೂ ನೆಲದ ಉಬ್ಬಿಗೆ ತಾಗಿ ಬಾಗುತ್ತದೆ, ಕೆಲವೊಮ್ಮೆ ಅದನ್ನು ಹಿಡಿದಿರುವ ತಳಭಾಗವೇ ಸೀಳುತ್ತದೆ. ವಿದ್ಯುತ್ ಕೇಬಲ್, ನೀರಿನ ಕೊಳವೆ, ಬಾಗಿಲಿನ ಮೆಟ್ಟಿಲು ಬೇರ್ಪಡಿಸಿ. ಗ್ಯಾಸನ್ನು ಸಿಲಿಂಡರಿನಲ್ಲೇ ಬಂದ್ ಮಾಡಿ, ಬಾಗಿಲು ಹಾಕಿ, ಒಳಗೆ ಯಾರೂ ಇಲ್ಲ ಎಂಬುದನ್ನು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಿ. ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ದೂರದಲ್ಲಿ, ಒಬ್ಬರ ಕಣ್ಗಾವಲಿನಲ್ಲಿ ಇರಿಸಬೇಕು.

ಬೆಣೆಗಳು ನಾಲ್ಕು ಬೇಕು. ಇಟ್ಟಿಗೆ ಒಡೆಯುತ್ತದೆ, ದುಂಡು ಕಲ್ಲು ಜಾರುತ್ತದೆ. ರಬ್ಬರಿನದಾಗಲಿ ಮರದ್ದಾಗಲಿ, ಟೈರಿಗೆ ಒಗ್ಗುವ ಓರೆಯುಳ್ಳ ಬೆಣೆಯೇ ಆಗಬೇಕು. ಎರಡಕ್ಕೆ ಒಂದೂವರೆ ಮೀಟರ್ ಉದ್ದದ ಹಗ್ಗ ಅಥವಾ ಕೋಲು ಕಟ್ಟಿಕೊಳ್ಳಿ. ಉರುಳುತ್ತಿರುವ ಚಕ್ರದ ಮುಂದೆ ಬೆಣೆಯನ್ನು ಕೈಯಿಂದ ಇಡಲು ಹೋಗಿ ಬೆರಳು ಕಳೆದುಕೊಳ್ಳುವ ಸಂಭವ ತಪ್ಪುವುದು ಇದರಿಂದಲೇ.

ಬ್ರೇಕಿನ ಬಗ್ಗೆಯೂ ಇಲ್ಲೇ ಹೇಳಬೇಕು. ಯುರೋಪಿನಲ್ಲಿ 750 ಕಿಲೋ ಮೀರಿದ ಟ್ರೇಲರುಗಳಿಗೆ ಬ್ರೇಕ್ ಕಡ್ಡಾಯ. ಅದಕ್ಕಿಂತ ಹಗುರಾದ ಅನೇಕ ಟ್ರೇಲರುಗಳಲ್ಲಿ ಹ್ಯಾಂಡ್ ಬ್ರೇಕ್ ಕೂಡ ಇರುವುದಿಲ್ಲ, ಅವಕ್ಕೆ ಬೆಣೆಯೊಂದೇ ಗತಿ. ತಾನಾಗಿ ಹಿಮ್ಮುಖಕ್ಕೆ ಸಡಿಲಗೊಳ್ಳುವ ಓವರ್‌ರನ್ ಬ್ರೇಕ್ (ಎಳೆಯುವ ವಾಹನ ನಿಧಾನವಾದಾಗ ಟ್ರೇಲರ್ ಮುಂದಕ್ಕೆ ಒತ್ತುವ ಬಲದಿಂದಲೇ ಬೀಳುವ ಬ್ರೇಕ್) ಇರುವ ಕ್ಯಾರವಾನುಗಳಲ್ಲಿ ಒಂದು ಸೂಕ್ಷ್ಮವಿದೆ: ಹ್ಯಾಂಡ್ ಬ್ರೇಕ್ ಎಳೆದಿದ್ದರೂ ಗಾಡಿ ಹಿಂದಕ್ಕೆ ಹೊರಳಿದಾಗ ಬ್ರೇಕ್ ಮೊದಲು ಸ್ವಲ್ಪ ಸಡಿಲಗೊಂಡು, ಕೊಂಚ ದೂರ ಉರುಳಿದ ಮೇಲೆ ಮತ್ತೆ ಹಿಡಿದುಕೊಳ್ಳುತ್ತದೆ. ಗೋಡೆಗೆ ಗೇಣು ದೂರದಲ್ಲಿದ್ದಾಗ ಆ ಕೊಂಚ ದೂರವೇ ಹೆಚ್ಚು. ಹ್ಯಾಂಡ್ ಬ್ರೇಕಿನ ಸನ್ನೆಯನ್ನು ಪೂರ್ತಿ ಮೇಲಕ್ಕೆ ಎಳೆದರಷ್ಟೇ ಈ ಎರಡನೆಯ ಹಿಡಿತ ದೊರೆಯುತ್ತದೆ. ಹಳೆಯ ಮಾದರಿಗಳಲ್ಲಿ ಹಿಮ್ಮುಖವಾಗಿ ನೂಕುವಾಗ ಬ್ರೇಕ್ ಬೀಳದಂತೆ ತಡೆಯುವ ಕೊಂಡಿಯೊಂದು ಕಪ್ಲಿಂಗಿನ ಬಳಿ ಇರುತ್ತದೆ, ಅದನ್ನು ಹಾಕಿಕೊಂಡೇ ಹಿಂದಕ್ಕೆ ನೂಕಬೇಕು.

ಜೋಡಿಸುವ ಕ್ರಮ

ಹ್ಯಾಂಡ್ ಬ್ರೇಕ್ ಎಳೆದು, ಎರಡೂ ಚಕ್ರಗಳಿಗೆ ಮುಂದೆ ಹಿಂದೆ ಬೆಣೆ ಕೊಡಿ. ಜಾಕಿ ವೀಲಿನಿಂದ ಮೂತಿಯನ್ನು ಡಾಲಿಯ ಬಾಲಿಗಿಂತ ಮೂರು ನಾಲ್ಕು ಬೆರಳು ಮೇಲಕ್ಕೆ ಎತ್ತಿ, ಡಾಲಿಯನ್ನು ಒಳಗೆ ನೂಕಿ, ಬಾಲ್ ಕಪ್ಲಿಂಗಿನ ನೇರ ಕೆಳಗೆ ಬಂದಿದೆಯೇ ಎಂದು ಬಾಗಿ ನೋಡಿ. ಆಮೇಲೆ ಜಾಕಿಯನ್ನು ನಿಧಾನವಾಗಿ ತಿರುಗಿಸಿ ಮೂತಿಯನ್ನು ಇಳಿಸಿ. ಸರಿಯಾಗಿ ಕೂತಾಗ ಚಿಲಕ ಟಕ್ಕೆಂದು ಬೀಳುವ ಸದ್ದು ಕೇಳಿಸುತ್ತದೆ, ಆದರೆ ಸದ್ದನ್ನಷ್ಟೇ ನಂಬಬಾರದು. ಜಾಕಿಯನ್ನು ಎರಡು ಸುತ್ತು ಮತ್ತೆ ಕೆಳಕ್ಕೆ ತಿರುಗಿಸಿ ಮೂತಿಯನ್ನು ಎತ್ತಲು ನೋಡಿ: ಡಾಲಿಯೂ ಜೊತೆಗೇ ಎದ್ದರೆ ಕಪ್ಲಿಂಗ್ ಹಿಡಿದಿದೆ, ಬಾಲ್ ಕಳಚಿ ಬಂದರೆ ಹಿಡಿದಿಲ್ಲ. ಹಿಡಿದಿದೆ ಎಂದು ಖಚಿತವಾದ ಮೇಲೆ ಚಿಲಕಕ್ಕೆ ಪಿನ್ ಹಾಕಿ, ಜಾಕಿ ವೀಲನ್ನು ಪೂರ್ತಿ ಮೇಲಕ್ಕೆತ್ತಿ ಅದರ ಹಿಡಿಯನ್ನು ಬಿಗಿ ಮಾಡಿ. ಅರ್ಧಕ್ಕೆ ಇಳಿದಿರುವ ಜಾಕಿ ವೀಲ್ ತಿರುವಿನಲ್ಲಿ ಅಡ್ಡಕ್ಕೆ ಸಿಕ್ಕಿ ಬಾಗುವುದು ಬಹಳ ಸಾಮಾನ್ಯವಾದ ಹಾನಿ.

ನೂಕುವುದು, ತಿರುಗಿಸುವುದು

ಹಿಡಿಕೆಯಲ್ಲಿರುವವರು ಮತ್ತು ಚಕ್ರದ ಬಳಿ ಬೆಣೆ ಹಿಡಿದವರು ಯಾವ ಮಾತಿಗೆ ಏನು ಮಾಡಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳಲಿ. "ನಿಲ್ಸಿ" ಎಂಬ ಮಾತನ್ನು ಯಾರು ಹೇಳಿದರೂ ಕಾರಣ ಕೇಳದೆ ಬೆಣೆ ಬೀಳಬೇಕು, ಬ್ರೇಕ್ ಎಳೆಯಬೇಕು. ಬೆಣೆಯವರು ಇರಬೇಕಾದ ಜಾಗ ಚಕ್ರದ ಹೊರಬದಿ; ಟ್ರೇಲರಿನ ಹಿಂದೆ, ಅದರಲ್ಲೂ ಅದಕ್ಕೂ ಗೋಡೆಗೂ ನಡುವೆ ಯಾರೂ ನಿಲ್ಲಬಾರದು. ಹಿಂಬದಿಯಿಂದ ನೂಕಲು ಸಹಾಯಕರು ಬಂದರೆ ಮೈಕಟ್ಟಿನ ಮೂಲೆಯ ಗಟ್ಟಿ ಭಾಗವನ್ನೋ ಹಿಡಿಯಲೆಂದೇ ಕೊಟ್ಟ ಹಿಡಿಯನ್ನೋ ನೂಕಬೇಕು. ಕ್ಯಾರವಾನಿನ ತೆಳು ಗೋಡೆಯನ್ನು ನೂಕಿದರೆ ತಗ್ಗು ಬೀಳುತ್ತದೆ.

ಎಲ್ಲ ಸಿದ್ಧವಾದ ಮೇಲೆ ಬೆಣೆಗಳನ್ನು ಒಂದು ಗೇಣು ಹಿಂದಕ್ಕೆ ಸರಿಸಿ, ಹ್ಯಾಂಡ್ ಬ್ರೇಕನ್ನು ಎಲ್ಲಕ್ಕಿಂತ ಕೊನೆಗೆ ಬಿಡಿ. ಬ್ರೇಕ್ ಬಿಟ್ಟ ಕ್ಷಣದಲ್ಲಿ ಟ್ರೇಲರ್ ತಾನಾಗಿ ಕದಲಿದರೆ ನಿಮ್ಮ ವಾಟದ ಲೆಕ್ಕ ಎಲ್ಲೋ ತಪ್ಪಿರಬಹುದು, ಬ್ರೇಕ್ ಎಳೆದು ಮತ್ತೆ ಅಳೆಯಿರಿ. ಕದಲದಿದ್ದರೆ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಊರಿ, ಕೈ ನೇರವಾಗಿಸಿ, ಮೈಯನ್ನೇ ಒರಗಿಸಿ ಸಮನಾಗಿ ನೂಕಿ. ಜಗ್ಗಿ ಜಗ್ಗಿ ನೂಕಿದರೆ ಬೆನ್ನಿಗೆ ಪೆಟ್ಟು, ಟ್ರೇಲರಿಗೂ ಬೇಡದ ವೇಗ. ಮೀಟರಿಗೊಮ್ಮೆ ನಿಲ್ಲಿಸಿ ನೋಡಿಕೊಳ್ಳುತ್ತ ಹೋಗುವುದು ಕೆಲಸವನ್ನು ನಿಧಾನ ಮಾಡುವಂತೆ ಕಂಡರೂ ತಪ್ಪಿದ್ದನ್ನು ತಿದ್ದಲು ಹಿಂದೆ ಮುಂದೆ ಓಡಾಡುವ ಸಮಯವನ್ನು ಉಳಿಸುತ್ತದೆ.

ತಿರುಗಿಸುವ ಗುಟ್ಟು ಇರುವುದು ಟ್ರೇಲರ್ ತನ್ನ ಆಕ್ಸಲಿನ ಸುತ್ತ ತಿರುಗುತ್ತದೆ ಎಂಬ ಒಂದೇ ಸಂಗತಿಯಲ್ಲಿ. ಹಿಂದಕ್ಕೆ ನೂಕುತ್ತಿರುವಾಗ ಹಿಂಭಾಗ ಎಡಕ್ಕೆ ಹೋಗಬೇಕಿದ್ದರೆ ಮೂತಿಯನ್ನು ಬಲಕ್ಕೆ ತಳ್ಳಬೇಕು. ಕಪ್ಲಿಂಗಿನಿಂದ ಆಕ್ಸಲಿಗೆ 4 ಮೀಟರ್, ಆಕ್ಸಲಿನಿಂದ ಹಿಂತುದಿಗೆ 3 ಮೀಟರ್ ಇರುವ ಕ್ಯಾರವಾನಿನ ಮೂತಿಯನ್ನು ಒಂದು ಮೀಟರ್ ಬಲಕ್ಕೆ ಸರಿಸಿದರೆ ಹಿಂತುದಿ ಮುಕ್ಕಾಲು ಮೀಟರ್ ಎಡಕ್ಕೆ ಬೀಸುತ್ತದೆ. ಹಿಡಿಕೆ ಹಿಡಿದವರಿಗೆ ಈ ಬೀಸು ಕಾಣುವುದಿಲ್ಲ, ಗೋಡೆಗೆ ತಾಗುವ ಮೂಲೆ ಯಾವಾಗಲೂ ಅದೇ. ಬಿಗಿ ಜಾಗದಲ್ಲಿ ಆ ಮೂಲೆಯನ್ನು ನೋಡಲೆಂದೇ ಮೂರನೆಯವರೊಬ್ಬರು ಪಕ್ಕದಲ್ಲಿ, ದೂರದಲ್ಲಿ ನಿಂತಿರಲಿ.

ಒಂದು ಆಕ್ಸಲಿನ ಟ್ರೇಲರಿಗೆ ಬಹಳ ಉಪಯೋಗಕ್ಕೆ ಬರುವ ಉಪಾಯವೊಂದಿದೆ. ನೇರವಾಗಿ ನೂಕಲು ಬಲ ಸಾಲದಾಗ, ಒಂದು ಬದಿಯ ಚಕ್ರಕ್ಕೆ ಮುಂದೆ ಹಿಂದೆ ಎರಡೂ ಕಡೆ ಬೆಣೆ ಕೊಟ್ಟು, ಡಾಲಿಯನ್ನು ಅಡ್ಡಕ್ಕೆ ತಿರುಗಿಸಿ, ಮೂತಿಯನ್ನು ಬದಿಗೆ ನೂಕಿ. ಬೆಣೆ ಕೊಟ್ಟ ಚಕ್ರ ಗೂಟದಂತೆ ನಿಂತು, ಇನ್ನೊಂದು ಚಕ್ರ ಅದರ ಸುತ್ತ ಒಂದು ಹೆಜ್ಜೆ ಮುಂದೆ ಬರುತ್ತದೆ. ಈಗ ಮುಂದೆ ಬಂದ ಚಕ್ರಕ್ಕೆ ಬೆಣೆ ಕೊಟ್ಟು, ಮೊದಲಿನದನ್ನು ಬಿಡಿಸಿ, ಮೂತಿಯನ್ನು ಎದುರು ಬದಿಗೆ ನೂಕಿ. ಹೀಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮಾಡುತ್ತ ಟ್ರೇಲರನ್ನು ಹೆಜ್ಜೆ ಹೆಜ್ಜೆಯಾಗಿ ನಡೆಸಬಹುದು. ಚಕ್ರಗಳ ನಡುವೆ 2 ಮೀಟರ್ ಇದ್ದರೆ ಟ್ರೇಲರಿನ ಭಾರ ನಿಂತ ಚಕ್ರದಿಂದ 1 ಮೀಟರ್ ದೂರದಲ್ಲಿ ಎಳೆಯುತ್ತದೆ, ನೀವು 4 ಮೀಟರ್ ದೂರದಲ್ಲಿ ನೂಕುತ್ತೀರಿ, ಆದ್ದರಿಂದ ವಾಟದ ಎಳೆತ ನಿಮ್ಮ ಕೈಗೆ ಕಾಲು ಭಾಗದಷ್ಟೇ ತಗಲುತ್ತದೆ. ಏರಿನಲ್ಲಿ ಇದನ್ನು ಮಾಡುವಾಗ ಸರಿಯುತ್ತಿರುವ ಚಕ್ರದ ಹಿಂದೆಯೇ, ತಗ್ಗಿನ ಕಡೆಯಲ್ಲಿ, ಇನ್ನೊಂದು ಬೆಣೆ ಹಗ್ಗದಲ್ಲಿ ಸಾಗಿಬರುತ್ತಿರಬೇಕು. ನಿಂತ ಟೈರು ಜಾಗದಲ್ಲೇ ತಿರುಚುವುದರಿಂದ ಹಾಸುಗಲ್ಲು, ಟೈಲ್ಸ್ ಇರುವ ನೆಲದಲ್ಲಿ ಇದು ಕಲೆ ಮಾಡುತ್ತದೆ.

ಎರಡು ಆಕ್ಸಲಿನ ಟ್ರೇಲರಿನ ಕಥೆ ಬೇರೆ. ಅದರ ನಾಲ್ಕು ಟೈರುಗಳೂ ತಿರುವಿನಲ್ಲಿ ಅಡ್ಡಕ್ಕೆ ಉಜ್ಜಿಕೊಳ್ಳುವುದರಿಂದ ನೇರಕ್ಕೆ ಸುಲಭವಾಗಿ ಉರುಳುವ ಗಾಡಿ ತಿರುಗಲು ಒಲ್ಲೆನ್ನುತ್ತದೆ. ಮೂತಿಯನ್ನು ಎತ್ತರಿಸಿದರೆ ಭಾರ ಹೆಚ್ಚಾಗಿ ಹಿಂದಿನ ಆಕ್ಸಲಿಗೆ ಹೋಗಿ ಮುಂದಿನ ಟೈರುಗಳು ಹಗುರಾಗುತ್ತವೆ, ಉಜ್ಜಾಟ ಕಡಿಮೆಯಾಗುತ್ತದೆ. ಎತ್ತರ ಹೊಂದಿಸಬಹುದಾದ ಬಾಲ್ ಇರುವ ಡಾಲಿಯಲ್ಲಿ ಮಾತ್ರ ಇದು ಸಾಧ್ಯ. ಹಾಗಿದ್ದರೂ ಒಂದೇ ಸಲಕ್ಕೆ ಚೂಪಾಗಿ ತಿರುಗಿಸದೆ, ಹಿಂದೆ ಮುಂದೆ ಮಾಡುತ್ತ ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು; ಇಲ್ಲವಾದರೆ ಟೈರಿನ ಪಕ್ಕೆ ತಿರುಚಿಕೊಳ್ಳುತ್ತದೆ.

ಇಳಿಜಾರು ಮತ್ತು ಅಂಚುಗಟ್ಟೆ

ಟ್ರೇಲರಿಗಿಂತ ತಗ್ಗಿನಲ್ಲಿ ನಿಂತು, ಹಿಡಿಕೆ ಎಳೆಯುತ್ತ ಹಿಂದೆ ಹಿಂದೆ ನಡೆದು ಅದನ್ನು ಕೆಳಗಿಳಿಸುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಅಪಾಯಕರವಾದದ್ದು. ಕಾಲು ಜಾರಿದರೆ ಟ್ರೇಲರ್ ಮೈಮೇಲೆ ಬರುತ್ತದೆ. ಅಲ್ಪ ವಾಟದಲ್ಲೂ ಡಾಲಿ ಮೇಲಿನ ಬದಿಗೆ, ಟ್ರೇಲರಿನ ಹಿಂಭಾಗ ತಗ್ಗಿನ ಬದಿಗೆ ಇರುವಂತೆ ಇಳಿಸಿ, ಹ್ಯಾಂಡ್ ಬ್ರೇಕಿನ ಸನ್ನೆಯ ಮೇಲೆ ಒಂದು ಕೈ ಇರಲಿ. ತಪ್ಪಿಸಿಕೊಂಡು ಉರುಳಿದ ಟ್ರೇಲರನ್ನು ಹಿಡಿಯಲು ಯಾರೂ ಅಡ್ಡ ಹೋಗಕೂಡದು. ಅದು ಎಲ್ಲಿಗೆ ಬಡಿದರೂ ಮನುಷ್ಯರಿಗೆ ಬಡಿಯುವುದಕ್ಕಿಂತ ಕಡಿಮೆ ನಷ್ಟ.

ಎರಡು ಇಂಚಿನ ಅಂಚುಗಟ್ಟೆಯೂ ಕೈ ಡಾಲಿಗೆ ದೊಡ್ಡ ತಡೆ, ಏಕೆಂದರೆ ಅದನ್ನು ಹತ್ತುವಷ್ಟು ಬಲ ಹಾಕಿದರೆ ಹತ್ತಿದ ಕ್ಷಣದಲ್ಲೇ ಟ್ರೇಲರ್ ಮುನ್ನುಗ್ಗುತ್ತದೆ. ಅರ್ಧ ಮೀಟರಿಗಿಂತ ಉದ್ದದ ಓರೆ ಹಲಗೆಗಳನ್ನು ಎರಡೂ ಚಕ್ರಗಳ ನೇರಕ್ಕೆ ಇಟ್ಟು, ಹಲಗೆ ಜಾರದಂತೆ ಹಿಂದೆ ಗೂಟವೋ ಕಲ್ಲೋ ಕೊಟ್ಟು, ಬೆಣೆಯವರು ತಗ್ಗಿನ ಕಡೆಯಿಂದ ಚಕ್ರಕ್ಕೆ ಅಂಟಿಕೊಂಡೇ ಬೆಣೆ ನಡೆಸುತ್ತ ಬರಬೇಕು.

ನಿಲ್ಲಿಸಿ ಕಳಚುವುದು

ಬೇಕಾದ ಜಾಗ ತಲುಪಿದ ಮೇಲೆ ಕ್ರಮ ಹೀಗಿರಲಿ: ಮೊದಲು ಹ್ಯಾಂಡ್ ಬ್ರೇಕ್, ಅದರ ಹಿಂದೆಯೇ ಟ್ರೇಲರಿನ ಚಕ್ರಗಳಿಗೆ ಎರಡೂ ಬದಿಯ ಬೆಣೆ, ಆಮೇಲೆ ಜಾಕಿ ವೀಲ್ ಇಳಿಸಿ ಅದರ ಕೆಳಗೊಂದು ಹಲಗೆ. ಜಾಕಿ ವೀಲಿಗೆ ಬೆಣೆ ಕೊಟ್ಟರೆ ಸಾಕೆಂದು ಭಾವಿಸಬಾರದು; ಅದು ಎತ್ತ ಬೇಕಾದರೂ ತಿರುಗುವ ಚಕ್ರ. ಜಾಕಿ ಭಾರ ತೆಗೆದುಕೊಂಡ ಮೇಲೆ ಕಪ್ಲಿಂಗಿನ ಚಿಲಕ ಬಿಡಿಸಿ, ಮೂತಿ ಬಾಲಿನಿಂದ ಪೂರ್ತಿ ಮೇಲೆದ್ದ ಮೇಲೆ ಡಾಲಿಯನ್ನು ಹೊರಗೆಳೆಯಿರಿ. ಎರಡು ಚಕ್ರದ ಡಾಲಿಯ ಹಿಡಿಕೆಯನ್ನು ಚಿಲಕ ಬಿಡಿಸುವಾಗಲೂ ಒಬ್ಬರು ಹಿಡಿದೇ ಇರಬೇಕು. ಟ್ರೇಲರನ್ನು ಡಾಲಿಯ ಮೇಲೆಯೇ ಬಿಟ್ಟು ಒಂದು ಗಳಿಗೆಯೂ ಆಚೆ ಹೋಗಬೇಡಿ.

ಗಾಡಿ ತಿಂಗಳುಗಟ್ಟಲೆ ಅಲ್ಲೇ ನಿಲ್ಲುವುದಾದರೆ, ನೆಲ ಸಮತಟ್ಟಾಗಿದ್ದು ಬೆಣೆಗಳು ಗಟ್ಟಿಯಾಗಿ ಕೂತಿವೆ ಎಂದು ಖಚಿತವಾದ ಮೇಲೆ ಹ್ಯಾಂಡ್ ಬ್ರೇಕನ್ನು ಸಡಿಲಿಸಿಡುವುದು ಮೇಲು. ತೇವದಲ್ಲಿ ಬ್ರೇಕ್ ಶೂಗಳು ಡ್ರಮ್ಮಿಗೆ ಹಿಡಿದುಕೊಂಡುಬಿಟ್ಟರೆ ಮುಂದಿನ ಸಲ ಎಷ್ಟು ನೂಕಿದರೂ ಗಾಡಿ ಕದಲುವುದಿಲ್ಲ. ಊರುಗಾಲುಗಳನ್ನು ಇಳಿಸಿ, ಡಾಲಿಯ ಬಾಲಿಗೆ ತೆಳುವಾಗಿ ಗ್ರೀಸ್ ಸವರಿ, ಅದರ ಚಕ್ರದ ಗಾಳಿ ಮತ್ತು ಹಿಡಿಕೆಯ ಬೆಸುಗೆಗಳನ್ನು ಒಮ್ಮೆ ನೋಡಿ ನೆರಳಿನಲ್ಲಿ ಎತ್ತಿಡಿ. ಬೆಸುಗೆಯಲ್ಲಿ ಕೂದಲೆಳೆಯ ಬಿರುಕು ಕಂಡರೂ ಸರಿಮಾಡಿಸದೆ ಆ ಡಾಲಿಯನ್ನು ಮತ್ತೆ ಬಳಸಬಾರದು.